ಟಿವಿಯ ವಿಜ್ಞಾನದಲ್ಲಿ ನಿಜ ಎಷ್ಟು? ಮಗಳ ಜೊತೆ ಕೂತು ನೋಡುವುದು ಹೇಗೆ?

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮಗಳು ಎಂಟನೇ ಕ್ಲಾಸ್. ರಾತ್ರಿ ಊಟದ ಹೊತ್ತಿಗೆ ಇಬ್ಬರೂ ಕೂತು ಟಿವಿಯಲ್ಲಿ ವಿಜ್ಞಾನದ ಸಾಕ್ಷ್ಯಚಿತ್ರ ನೋಡುತ್ತೇವೆ. ಕಾಡು, ಸಮುದ್ರ, ಡೈನೊಸಾರ್, ಬ್ಲ್ಯಾಕ್ ಹೋಲ್ ಎಲ್ಲಾ. ಮೊನ್ನೆ ಒಂದರಲ್ಲಿ, ಹಳೇ ದೇವಸ್ಥಾನಗಳನ್ನು ಬೇರೆ ಗ್ರಹದವರು ಬಂದು ಕಟ್ಟಿರಬಹುದು ಅಂತ ತೋರಿಸಿದರು. ‘ಅಮ್ಮಾ, ನಿಜಾನಾ?’ ಅಂದಳು. ಏನು ಹೇಳಬೇಕೋ ತಿಳಿಯಲಿಲ್ಲ. ಮೇಷ್ಟ್ರಾಗಿರುವ ನನ್ನ ಅಣ್ಣ, ‘ಇದೆಲ್ಲ ಸುಮ್ನೆ ಟೈಮ್ ಪಾಸ್, ಟಿವಿ ನೋಡಿ ಯಾರೂ ವಿಜ್ಞಾನ ಕಲಿತಿಲ್ಲ’ ಅನ್ನುತ್ತಾರೆ. ಇವುಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಗೊತ್ತು ಮಾಡಿಕೊಳ್ಳುವುದು ಹೇಗೆ?

ಉತ್ತರ: ಮೊದಲು ನಿಮ್ಮ ಮಗಳ ಪ್ರಶ್ನೆ. ಅದನ್ನು ಕಾಯಿಸುವುದು ಬೇಡ. ಇಲ್ಲ, ನಮ್ಮ ದೇವಸ್ಥಾನಗಳನ್ನು ಬೇರೆ ಗ್ರಹದವರು ಕಟ್ಟಿಲ್ಲ. ಇದಕ್ಕೆ ಸಾಕ್ಷಿ ನಿಮ್ಮ ಪಕ್ಕದಲ್ಲೇ ಇದೆ. ಮಳವಳ್ಳಿಯಿಂದ ಬನ್ನೂರಿನ ಕಡೆ ಹೊರಟರೆ ಸೋಮನಾಥಪುರ ಹತ್ತಿರ. ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೋಗಿ. ಅಲ್ಲಿನ ಕೇಶವ ದೇವಾಲಯವನ್ನು 13ನೇ ಶತಮಾನದಲ್ಲಿ, ಹೊಯ್ಸಳರ ಮೂರನೇ ನರಸಿಂಹನ ಕಾಲದಲ್ಲಿ, ಸೋಮನಾಥ ಎಂಬ ದಂಡನಾಯಕ ಕಟ್ಟಿಸಿದ. ಯಾರು ಕಟ್ಟಿಸಿದರು, ಏನೇನು ದಾನ ಕೊಟ್ಟರು ಎಂದು ಹೇಳುವ ಶಾಸನದ ಕಲ್ಲು ಪ್ರವೇಶದಲ್ಲೇ ನಿಂತಿದೆ. ಹೊರಗೋಡೆಯ ವಿಗ್ರಹಗಳ ಪೀಠವನ್ನು ನೋಡುತ್ತಾ ನಿಧಾನವಾಗಿ ಒಂದು ಸುತ್ತು ಬನ್ನಿ. ಹಲವು ಕಡೆ ಕೆತ್ತಿದವನ ಹೆಸರೇ ಇದೆ. ಜಾಸ್ತಿ ಸಿಗುವ ಹೆಸರು ಮಲ್ಲಿತಮ್ಮ. ಇಷ್ಟು ಸಣ್ಣ ಕೆತ್ತನೆ ಕೈಯಲ್ಲಿ ಹೇಗೆ ಸಾಧ್ಯ ಅಂತ ಆ ಕಾರ್ಯಕ್ರಮ ಕೇಳಿರಬೇಕು, ಅಲ್ವಾ? ಅದಕ್ಕೂ ಉತ್ತರ ಇದೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಉಳಿ ಸಲೀಸಾಗಿ ಓಡುತ್ತದೆ. ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಒಳಗಿನ ಗುಂಡು ಕಂಬಗಳನ್ನು ತಿರುಗಣಿಗೆ ಹಾಕಿ ನುಣುಪು ಮಾಡಿದ್ದಾರೆ. ಹೆಸರು, ಕಾಲ, ಕಲ್ಲು, ಕೆಲಸದ ರೀತಿ ನಾಲ್ಕೂ ಗೊತ್ತಿದೆ. ಹೀಗಿದ್ದೂ ಮಲ್ಲಿತಮ್ಮನ ದುಡಿಮೆಯನ್ನು ಯಾವುದೋ ಗ್ರಹದವರಿಗೆ ಕೊಡುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಅಂಥ ಕಾರ್ಯಕ್ರಮ ನಡೆಯುವ ರೀತಿಯನ್ನು ಗಮನಿಸಿ. ‘ಕಟ್ಟಿದರು’ ಅಂತ ಎಲ್ಲೂ ಹೇಳುವುದಿಲ್ಲ. ‘ಕಟ್ಟಿರಬಹುದೇ?’ ಅಂತ ಕೇಳಿ ಜಾಹೀರಾತಿಗೆ ಹೋಗುತ್ತಾರೆ. ವಾಪಸ್ ಬಂದ ಮೇಲೆ ಇನ್ನೊಂದು ಪ್ರಶ್ನೆ. ಒಂದು ಗಂಟೆ ಮುಗಿದರೂ ಒಂದಕ್ಕೂ ಉತ್ತರ ಇರುವುದಿಲ್ಲ. ನೋಡಿದವರ ತಲೆಯಲ್ಲಿ ಮಾತ್ರ ‘ಏನೋ ಇದೆ’ ಅನ್ನುವುದು ಉಳಿಯುತ್ತದೆ.

ನಾನು ಮೈಸೂರಿನಲ್ಲಿ ವಿಜ್ಞಾನ ಕಾರ್ಯಕ್ರಮಗಳ ಸ್ಕ್ರಿಪ್ಟ್ ತಿದ್ದುವ ಕೆಲಸ ಮಾಡುತ್ತೇನೆ. ಹಾಳೆಯ ಅಂಚಿನಲ್ಲಿ ನಾನು ಜಾಸ್ತಿ ಬರೆಯುವುದು ಒಂದೇ ಸಾಲು: ‘ಇದು ಹೇಗೆ ಗೊತ್ತಾಯ್ತು?’ ನಿಮಗೂ ಅದನ್ನೇ ಕೊಡುತ್ತೇನೆ. ಒಳ್ಳೆಯ ಸಾಕ್ಷ್ಯಚಿತ್ರ ಏನು ಗೊತ್ತಿದೆ ಅನ್ನುವುದರ ಜೊತೆಗೆ ಹೇಗೆ ಗೊತ್ತಾಯ್ತು ಅನ್ನುವುದನ್ನೂ ತೋರಿಸುತ್ತದೆ. ಕಳಪೆಯದು ಬರೀ ಬೆರಗು ತೋರಿಸಿ ಮುಂದಕ್ಕೆ ಹೋಗುತ್ತದೆ. ಚಿತ್ರ ಎಷ್ಟು ಚೆನ್ನಾಗಿದೆ, ಯಾವ ದೇಶದ್ದು, ಎಷ್ಟು ಕೋಟಿ ಖರ್ಚಾಗಿದೆ ಅನ್ನುವುದು ಆಮೇಲಿನ ಮಾತು.

ಹುಲಿಯನ್ನೇ ತೆಗೆದುಕೊಳ್ಳಿ. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಟಿವಿಯಲ್ಲಿ ಈ ಅಂಕಿ ಒಂದು ಕ್ಷಣ ಬಂದು ಹೋಗುತ್ತದೆ, ಹಿಂದೆಯೇ ಹುಲಿ ಗರ್ಜಿಸುತ್ತದೆ. ಯಾರು ಎಣಿಸಿದರು? ಹುಲಿ ಸಾಲಾಗಿ ನಿಲ್ಲುವ ಪ್ರಾಣಿಯಲ್ಲ. ರಾತ್ರಿ ಓಡಾಡುತ್ತದೆ, ಒಂಟಿಯಾಗಿರುತ್ತದೆ. ಮೊದಲೆಲ್ಲ ಹೆಜ್ಜೆ ಗುರುತನ್ನು ಗಾಜಿನ ಮೇಲೆ ಬರೆದುಕೊಂಡು, ಇದು ಈ ಹುಲಿ, ಅದು ಆ ಹುಲಿ ಅಂತ ಲೆಕ್ಕ ಹಾಕುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಥರ, ಧೂಳಿನಲ್ಲಿ ಇನ್ನೊಂದು ಥರ ಬೀಳುತ್ತದೆ. ಈ ಲೆಕ್ಕ ನಂಬುವ ಹಾಗಿಲ್ಲ ಎಂದು ನಾಗರಹೊಳೆಯಲ್ಲಿ ಕೆಲಸ ಮಾಡುತ್ತಿದ್ದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ವರ್ಷಗಟ್ಟಲೆ ಹೇಳುತ್ತಾ ಬಂದರು. ಕೊನೆಗೆ ರಾಜಸ್ಥಾನದ ಸರಿಸ್ಕಾದಲ್ಲಿ ಅದು ಬಯಲಾಯಿತು. ಕಾಗದದ ಮೇಲೆ ಹುಲಿಗಳಿದ್ದವು. 2004-05ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ.

ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಬೆಳೆಸಿದ ವಿಧಾನ ಬೇರೆ. ಪ್ರತಿ ಹುಲಿಯ ಪಟ್ಟೆ ಅದಕ್ಕೇ ಸ್ವಂತ, ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ. ಎಡ ಪಕ್ಕದ ಪಟ್ಟೆ ಬಲ ಪಕ್ಕದಲ್ಲಿ ಇರುವುದಿಲ್ಲ. ಅದಕ್ಕೇ ಕಾಡುದಾರಿಯ ಎರಡೂ ಕಡೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ. ಹುಲಿ ನಡುವೆ ಹಾದರೆ ಎರಡೂ ಪಕ್ಕದ ಫೋಟೊ ಬೀಳುತ್ತದೆ. ಸರಿ, ಫೋಟೊ ಸಿಕ್ಕ ಹುಲಿ ಎಷ್ಟು ಅಂತ ಗೊತ್ತಾಯಿತು. ಸಿಗದೇ ಹೋದ ಹುಲಿಗಳನ್ನು ಎಣಿಸುವುದು ಹೇಗೆ?

ಇದನ್ನು ನಿಮ್ಮ ಅಡುಗೆಮನೆಯಲ್ಲೇ ಮಾಡಿ ನೋಡಬಹುದು. ಒಂದು ಪಾತ್ರೆಗೆ ಒಣಗಿದ ಅವರೆಕಾಳು ಹಾಕಿ, ಎಣಿಸಬೇಡಿ. ಅದರಿಂದ 40 ಕಾಳು ತೆಗೆದು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ. ವಾಪಸ್ ಹಾಕಿ ಚೆನ್ನಾಗಿ ಕಲಸಿ. ಈಗ ಮಗಳು ಕಣ್ಣು ಮುಚ್ಚಿಕೊಂಡು 50 ಕಾಳು ತೆಗೆಯಲಿ. ಅದರಲ್ಲಿ 10 ಗುರುತಿನ ಕಾಳು ಬಂದವು ಅನ್ನಿ. ಅಂದರೆ ಐದರಲ್ಲಿ ಒಂದು ಗುರುತಿನದು. ಪಾತ್ರೆಯಲ್ಲೂ ಹಾಗೇ ಇದ್ದರೆ, ನೀವು ಗುರುತು ಹಾಕಿದ 40 ಕಾಳು ಒಟ್ಟಿನ ಐದನೇ ಒಂದು ಭಾಗ. ಪಾತ್ರೆಯಲ್ಲಿ ಸುಮಾರು 200 ಕಾಳು ಇರಬೇಕು. ಈಗ ಕೂತು ಎಣಿಸಿ, ಉತ್ತರ ಎಷ್ಟು ಹತ್ತಿರ ಬರುತ್ತದೆ ನೋಡಿ. ಮೊದಲ ಸಲ ಬಂದ ಹುಲಿ ಎರಡನೇ ಸಲವೂ ಕ್ಯಾಮೆರಾಗೆ ಎಷ್ಟು ಬೀಳುತ್ತದೆ ಅನ್ನುವುದರ ಮೇಲೆ, ಬೀಳದ ಹುಲಿಗಳ ಲೆಕ್ಕ ನಿಂತಿದೆ. ಈಗ ಬಳಸುವ ಲೆಕ್ಕ ಇದಕ್ಕಿಂತ ತುಂಬಾ ಮುಂದುವರಿದದ್ದು, ಯಾವ ಹುಲಿ ಎಲ್ಲಿ ಕಂಡಿತು ಅನ್ನುವುದನ್ನೂ ಸೇರಿಸಿಕೊಳ್ಳುತ್ತದೆ. ಆದರೆ ತಿರುಳು ಅವರೆಕಾಳಿನದೇ. ಇದನ್ನು ಹತ್ತು ನಿಮಿಷ ಬಿಡಿಸಿ ತೋರಿಸುವ ಸಾಕ್ಷ್ಯಚಿತ್ರ ಸಿಕ್ಕರೆ ಬಿಡಬೇಡಿ. ಅಂಥವು ಕಡಿಮೆ.

ಇನ್ನು ಚಿತ್ರಗಳ ವಿಷಯ. ಅವು ನಿಜವೇ? ಬಹುಪಾಲು ನಿಜ, ಆದರೆ ನಾವು ಅಂದುಕೊಂಡ ಅರ್ಥದಲ್ಲಿ ಅಲ್ಲ.

ಮೊದಲು ಸದ್ದು. ಕಾಡುಪ್ರಾಣಿಗಳನ್ನು ತುಂಬಾ ದೂರದಿಂದ, ಉದ್ದ ಲೆನ್ಸಿನಲ್ಲಿ ಚಿತ್ರಿಸುತ್ತಾರೆ. ಅಷ್ಟು ದೂರದಿಂದ ಚಿತ್ರ ಸಿಗುತ್ತದೆ, ಹೆಜ್ಜೆ ಸದ್ದು ಸಿಗುವುದಿಲ್ಲ. ನೀವು ಕೇಳುವ ಹೆಜ್ಜೆ, ಹುಲ್ಲಿನ ಸರಸರ, ಮೂಳೆಯ ಕಟಕಟ ಬಹುಮಟ್ಟಿಗೆ ಆಮೇಲೆ ಸ್ಟುಡಿಯೊದಲ್ಲಿ ಮಾಡಿದ್ದು. ಹಿಮದ ಮೇಲೆ ನಡೆಯುವ ಕರಡಿಯ ಹೆಜ್ಜೆಗೆ ಚೀಲದಲ್ಲಿ ತುಂಬಿದ ಕಾರ್ನ್‌ಫ್ಲೋರ್ ಒತ್ತುತ್ತಾರೆ. ಸಿನಿಮಾ ಮಂದಿ ಇದಕ್ಕೆ ಫೋಲಿ ಅನ್ನುತ್ತಾರೆ. ನಾನು ಇದನ್ನು ಮೋಸ ಅನ್ನುವುದಿಲ್ಲ. ಆದರೆ ಸಂಗೀತ ಬೇರೆ ಮಾತು. ಜಿಂಕೆಯ ಕಡೆಯಿಂದ ಸಂಗೀತ ಹಾಕಿದರೆ ಹುಲಿ ಖಳನಾಯಕ. ಹಸಿದ ಮರಿಗಳಿರುವ ತಾಯಿ ಹುಲಿಯ ಕಡೆಯಿಂದ ಹಾಕಿದರೆ ಜಿಂಕೆ ತಪ್ಪಿಸಿಕೊಂಡಾಗ ನಮಗೇ ಬೇಜಾರು. ಒಂದು ಸಲ ಮ್ಯೂಟ್ ಮಾಡಿ ಐದು ನಿಮಿಷ ನೋಡಿ. ಪ್ರಾಣಿ ನಿಜಕ್ಕೂ ಏನು ಮಾಡುತ್ತಿದೆ ಅಂತ ಮಗಳು ಹೇಳಲಿ. ಆಮೇಲೆ ಸದ್ದು ಹಾಕಿ ನೋಡಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಆಮೇಲೆ ಜೋಡಿಸುವಿಕೆ. ಪರದೆಯ ಮೇಲೆ ಒಂದು ಪ್ರಾಣಿಯ ಒಂದು ದಿನ ಅಂತ ಕಾಣುವುದು ಹಲವು ಪ್ರಾಣಿಗಳ ಹಲವು ದಿನಗಳಾಗಿರಬಹುದು. ‘ವೈಲ್ಡ್ ಕರ್ನಾಟಕ’ ನಿಮಗೆ ಗೊತ್ತಿರಬಹುದು, 2020ರಲ್ಲಿ ಥಿಯೇಟರಿಗೂ ಬಂತು. ಸುಮಾರು ನಾಲ್ಕು ವರ್ಷ ಚಿತ್ರಿಸಿದ್ದನ್ನು ಒಂದು ಗಂಟೆಯೊಳಗೆ ಇಳಿಸಿದ್ದಾರೆ. ಚೆನ್ನಾಗಿದೆ, ಖಂಡಿತ ನೋಡಿ. ಆದರೆ ಅದನ್ನು ನೋಡಿದ ಮಗು ಕಬಿನಿ ಸಫಾರಿಗೆ ಹೋಗಿ ಬರೀ ಜಿಂಕೆ ಕಂಡು ಮುಖ ಸಣ್ಣ ಮಾಡಿಕೊಂಡು ಬರುತ್ತದೆ. ಕಾಡು ಹೆಚ್ಚು ಹೊತ್ತು ಸುಮ್ಮನಿರುತ್ತದೆ, ಹುಲಿಯ ಬೇಟೆ ಹೆಚ್ಚು ಸಲ ತಪ್ಪಿಹೋಗುತ್ತದೆ ಅಂತ ಮೊದಲೇ ಹೇಳಿ ಕರೆದೊಯ್ಯಿರಿ.

ಎಲ್ಲಿಯವರೆಗೆ ಜೋಡಿಸಬಹುದು? 2011ರಲ್ಲಿ ಬಿಬಿಸಿಯ ‘ಫ್ರೋಜನ್ ಪ್ಲಾನೆಟ್’ನಲ್ಲಿ ಹಿಮಕರಡಿಯ ಮರಿಗಳು ಗುಹೆಯಲ್ಲಿ ತಾಯಿಯ ಜೊತೆ ಇರುವ ದೃಶ್ಯ ಇತ್ತು. ಅದನ್ನು ಚಿತ್ರಿಸಿದ್ದು ಯುರೋಪಿನ ಒಂದು ಮೃಗಾಲಯದಲ್ಲಿ. ಗೊತ್ತಾದ ಮೇಲೆ ದೊಡ್ಡ ಗಲಾಟೆ ಆಯಿತು. ಕಾಡಿನ ಗುಹೆಗೆ ಕ್ಯಾಮೆರಾ ನುಗ್ಗಿಸಿದರೆ ತಾಯಿ ಮರಿಗಳನ್ನು ಬಿಟ್ಟುಹೋಗಬಹುದು, ಹಾಗಾಗಿ ಮೃಗಾಲಯದಲ್ಲಿ ತೆಗೆದದ್ದೇ ಸರಿ ಅನ್ನುತ್ತೇನೆ ನಾನು. ಅದನ್ನು ಪರದೆಯ ಮೇಲೆಯೇ ಒಂದು ಸಾಲಿನಲ್ಲಿ ಹೇಳಬೇಕಿತ್ತು, ಅಷ್ಟೇ. ಇದರ ಪಕ್ಕದಲ್ಲಿ 1958ರ ಡಿಸ್ನಿ ಚಿತ್ರ ‘ವೈಟ್ ವೈಲ್ಡರ್‌ನೆಸ್’ ಇಡಿ. ಲೆಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪಾಗಿ ಬಂಡೆಯಿಂದ ಹಾರಿ ಸಾಯುತ್ತವೆ ಅಂತ ಅದು ತೋರಿಸಿತು. ಆಸ್ಕರ್ ಕೂಡ ಬಂತು. ಆಮೇಲೆ ಕೆನಡಾದ ಟಿವಿ ಪತ್ರಕರ್ತರು 1982ರಲ್ಲಿ ಸತ್ಯ ಹೊರತಂದರು. ಲೆಮಿಂಗ್‌ಗಳನ್ನು ಬೇರೆ ಕಡೆಯಿಂದ ಕೊಂಡು ತಂದಿದ್ದರು. ಬಂಡೆಯಿಂದ ಕೆಳಗೆ ಬೀಳುವಂತೆ ಮಾಡಿದವರು ಚಿತ್ರ ತೆಗೆದವರೇ. ಲೆಮಿಂಗ್ ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ. ಆದರೂ ಆ ಸುಳ್ಳು ಇವತ್ತಿಗೂ ಜನರ ಬಾಯಲ್ಲಿದೆ. ಒಂದು ಕೆಟ್ಟ ದೃಶ್ಯದ ಆಯಸ್ಸು ಇಷ್ಟು ದೊಡ್ಡದು.

ಆಕಾಶದ ಚಿತ್ರಗಳ ಬಣ್ಣದ ಬಗ್ಗೆ ಮಗಳು ಕೇಳಿಯೇ ಕೇಳುತ್ತಾಳೆ. ಹಬಲ್ ದೂರದರ್ಶಕ 1995ರಲ್ಲಿ ತೆಗೆದ, ಕಂಬಗಳ ಹಾಗೆ ಎದ್ದ ಮೋಡದ ಚಿತ್ರ ನೀವು ಎಲ್ಲೋ ನೋಡಿರುತ್ತೀರಿ. ಹಬಲ್ ತೆಗೆದದ್ದು ಕಪ್ಪುಬಿಳುಪು ಚಿತ್ರಗಳನ್ನು, ಬೇರೆ ಬೇರೆ ಫಿಲ್ಟರ್ ಹಾಕಿ. ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಅಂತ ಬಣ್ಣ ಕೊಟ್ಟು ಸೇರಿಸಿದರು. ನಾವು ಅಲ್ಲಿಗೇ ಹೋಗಿ ನೋಡಿದರೂ ಹಾಗೆ ಕಾಣುವುದಿಲ್ಲ. ಆದರೆ ಆ ಬಣ್ಣ ಸುಮ್ನೆ ಅಂದಕ್ಕಾಗಿ ಬಳಿದದ್ದೂ ಅಲ್ಲ, ಯಾವ ಅನಿಲ ಎಲ್ಲಿದೆ ಅನ್ನುವ ನಕ್ಷೆ ಅದು. 2019ರ ಏಪ್ರಿಲ್‌ನಲ್ಲಿ ಬಂದ ಬ್ಲ್ಯಾಕ್ ಹೋಲ್ ಚಿತ್ರವೂ ಅಷ್ಟೇ. ಭೂಮಿಯ ಹಲವು ಕಡೆಯ ರೇಡಿಯೊ ದೂರದರ್ಶಕಗಳನ್ನು ಜೋಡಿಸಿ ಸೆರೆಹಿಡಿದದ್ದು. ರೇಡಿಯೊ ಅಲೆಗೆ ಬಣ್ಣವೇ ಇಲ್ಲ, ಕಿತ್ತಳೆಯನ್ನು ವಿಜ್ಞಾನಿಗಳು ಆರಿಸಿಕೊಂಡರು.

ಡೈನೊಸಾರ್ ಬಗ್ಗೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಮೂಳೆ ನಿಜ, ಚರ್ಮದ ಮೇಲಿನ ಬಣ್ಣ ಹೆಚ್ಚಾಗಿ ಊಹೆ. 1999ರ ‘ವಾಕಿಂಗ್ ವಿತ್ ಡೈನೊಸಾರ್ಸ್’ ಸರಣಿ ಲಯೊಪ್ಲೂರೊಡಾನ್ ಎಂಬ ಕಡಲ ಪ್ರಾಣಿಯನ್ನು 25 ಮೀಟರ್ ಉದ್ದ ಮಾಡಿ ತೋರಿಸಿತು. ಈಗಿನ ಅಂದಾಜು ಅದರ ಮೂರನೇ ಒಂದು ಭಾಗದಷ್ಟೂ ಇಲ್ಲ. ಹಾಗಂತ ಬಣ್ಣ ತಿಳಿಯಲು ಸಾಧ್ಯವೇ ಇಲ್ಲ ಅಂತಲ್ಲ. ಚೀನಾದಲ್ಲಿ ಸಿಕ್ಕ ಸೈನೊಸಾರಾಪ್ಟೆರಿಕ್ಸ್ ಎಂಬ ಸಣ್ಣ ಡೈನೊಸಾರ್‌ನ ಬಾಲದ ಪುಕ್ಕದಂಥ ಎಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಬಣ್ಣ ತುಂಬಿದ ಕಣಗಳ ಗುರುತು ಕಂಡವು. ಅವುಗಳ ಆಕಾರವನ್ನು ಇಂದಿನ ಹಕ್ಕಿಗಳ ಪುಕ್ಕದ ಜೊತೆ ಹೋಲಿಸಿ, ಬಾಲದಲ್ಲಿ ಕೆಂಗಂದು ಮತ್ತು ಬಿಳಿ ಪಟ್ಟೆ ಇತ್ತು ಎಂದು 2010ರಲ್ಲಿ ಹೇಳಿದರು. ‘ಹೇಗೆ ಗೊತ್ತಾಯ್ತು’ ಅನ್ನುವುದಕ್ಕೆ ಇಂಥ ಉತ್ತರ ಕೊಡುವ ಕಾರ್ಯಕ್ರಮವನ್ನು ಧೈರ್ಯವಾಗಿ ನಂಬಿ.

ಪೂರ್ತಿ ಸುಳ್ಳೂ ಇದೆ. 2012ರಲ್ಲಿ ಆ್ಯನಿಮಲ್ ಪ್ಲಾನೆಟ್ ಮತ್ಸ್ಯಕನ್ಯೆಯರು ಇದ್ದಾರೆ ಅನ್ನುವಂಥ ಕಾರ್ಯಕ್ರಮ ಮಾಡಿತು. ಜನ ಎಷ್ಟು ನಂಬಿದರೆಂದರೆ, ಅಮೆರಿಕದ ಸರ್ಕಾರಿ ಸಾಗರ ಸಂಸ್ಥೆಯೇ ಅಂಥ ಜೀವಿಗೆ ಯಾವ ಪುರಾವೆಯೂ ಇಲ್ಲ ಎಂದು ಹೇಳಿಕೆ ಕೊಡಬೇಕಾಯಿತು. ಮರುವರ್ಷ ಡಿಸ್ಕವರಿಯ ಸರದಿ. ಸುಮಾರು 36 ಲಕ್ಷ ವರ್ಷದ ಹಿಂದೆಯೇ ಅಳಿದ ಮೆಗಲೊಡಾನ್ ಶಾರ್ಕ್ ಇನ್ನೂ ಬದುಕಿದೆ ಅಂತ ತೋರಿಸಿದರು. ಎರಡರಲ್ಲೂ ವಿಜ್ಞಾನಿಗಳಾಗಿ ಮಾತಾಡಿದವರು ನಟರು. ‘ಇದು ಕಲ್ಪನೆ’ ಅನ್ನುವ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಹಾಗಾಗಿ ಚಾನೆಲ್ ಹೆಸರು ನೋಡಿ ನಂಬಬೇಡಿ. ಮಾತಾಡುವ ವಿಜ್ಞಾನಿಯ ಹೆಸರು, ಸಂಸ್ಥೆ ಪರದೆಯ ಮೇಲೆ ಬರುತ್ತದೆಯೇ ನೋಡಿ. ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿ. ‘ವಿಜ್ಞಾನಿಗಳು ಹೇಳುತ್ತಾರೆ’ ಅಂತ ಮಾತ್ರ ಇದ್ದರೆ, ಯಾರು ಅಂತ ಕೇಳಿ. ಬೇರೆ ವಿಜ್ಞಾನಿಗಳು ಒಪ್ಪುತ್ತಾರೆಯೇ ಅನ್ನುವ ಮಾತು ಬರುತ್ತದೆಯೇ ಅಂತಲೂ ಗಮನಿಸಿ.

ನಿಮ್ಮ ಅಣ್ಣನವರ ಮಾತಿಗೆ ಬರುತ್ತೇನೆ. ಸುಮ್ನೆ ನೋಡಿದರೆ ಕಲಿಯುವುದಿಲ್ಲ ಅನ್ನುವುದು ನಿಜ. ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ, ಬೆಳಿಗ್ಗೆ ಕೇಳಿದರೆ ಬಾಯಿ ಬರುವುದಿಲ್ಲ. ಮುಗಿದ ಮೇಲೆ ಟಿವಿ ಆಫ್ ಮಾಡಿ, ಮಗಳು ನಿಮಗೆ ಅದನ್ನು ಹೇಳಿಕೊಡಲಿ. ಎಲ್ಲಿ ತಡವರಿಸುತ್ತಾಳೋ ಅಲ್ಲಿಂದ ಪುಸ್ತಕ ಶುರು. ಆದರೆ ಟಿವಿಯಿಂದ ಯಾರೂ ಕಲಿತಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1980ರ ಫೆಬ್ರವರಿ 16ರಂದು ನಮ್ಮ ರಾಜ್ಯದ ಮೇಲೇ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಜನ ಬಾಗಿಲು ಹಾಕಿ ಒಳಗೆ ಕೂತರು, ಬೀದಿಗಳು ಖಾಲಿ. 1995ರ ಅಕ್ಟೋಬರ್ 24ರ ಗ್ರಹಣವನ್ನು ದೂರದರ್ಶನ ನೇರ ತೋರಿಸಿತು. ವಿಜ್ಞಾನಿ ಪ್ರೊಫೆಸರ್ ಯಶಪಾಲ್ ಕೂತು ವಿವರಿಸಿದರು, ಜನರಿಗೆ ಹೊರಗೆ ಬರುವ ಧೈರ್ಯ ಬಂತು. ಅದೇ ಯಶಪಾಲ್ 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ ಪ್ರಯೋಗದ ಮುಂದಾಳುಗಳಲ್ಲಿ ಒಬ್ಬರು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು.

ಕನ್ನಡದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ನೀವಿಬ್ಬರೂ ಇವನ್ನು ಕನ್ನಡದಲ್ಲಿ ಕೇಳುವಂತಾದದ್ದು ಇತ್ತೀಚೆಗೆ. ನಮ್ಮಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ವಿರೋಧ ಇತ್ತು. ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ 2015ರಲ್ಲಿ ಆ ತಡೆಯನ್ನು ತಪ್ಪೆಂದು ತೀರ್ಪು ಕೊಟ್ಟ ಮೇಲೆ ದಾರಿ ಬಿಟ್ಟುಕೊಂಡಿತು. ವಿರೋಧಿಸಿದವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ವಿಜ್ಞಾನದ ಮಟ್ಟಿಗೆ ನಮ್ಮ ಮಕ್ಕಳು ಬಹಳ ಕಳೆದುಕೊಂಡರು. ಡಬ್ಬಿಂಗ್ ಬಂದದ್ದು ಒಳ್ಳೆಯದು, ಅಷ್ಟಕ್ಕೇ ನಿಂತರೆ ಸಾಲದು. ಮೈಸೂರಿನ ಚೆಲುವಾಂಬ ಮಹಲಿನಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎಮ್ಮೆ ಹಾಲಿನಿಂದ ಹಸುಗೂಸುಗಳ ಆಹಾರ ಮಾಡುವುದನ್ನು 1950ರ ದಶಕದಲ್ಲಿ ಕಂಡುಹಿಡಿಯಿತು. ಎಮ್ಮೆ ಹಾಲು ಮಗುವಿಗೆ ಒಗ್ಗುವುದಿಲ್ಲ ಅಂತ ಆಗ ಹೇಳುತ್ತಿದ್ದರು. ಅಮುಲ್ ಆ ವಿಧಾನವನ್ನೇ ಬಳಸಿತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕಬ್ಬು, ಭತ್ತ, ರಾಗಿಯ ಮೇಲೆ ತಲೆಮಾರುಗಳ ಕೆಲಸ ನಡೆದಿದೆ. ಪ್ರಯೋಗ ಹೇಗೆ ಮಾಡಿದರು, ಎಲ್ಲಿ ಸೋತರು, ಹೇಗೆ ಗೊತ್ತಾಯ್ತು ಅಂತ ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ತೆಗೆದ ಒಂದು ಗಂಟೆಯ ಚಿತ್ರ ಇವುಗಳ ಮೇಲೆ ಬರಬೇಕು. ಆಫ್ರಿಕಾದ ಸಿಂಹದಷ್ಟೇ ಆಸೆಯಿಂದ ನಿಮ್ಮ ಮಗಳು ಅದನ್ನು ನೋಡುತ್ತಾಳೆ ಅನ್ನುವ ನಂಬಿಕೆ ನನಗಿದೆ.

ಅವರೆಕಾಳಿನ ಲೆಕ್ಕವನ್ನು ನಿಮ್ಮ ಅಣ್ಣನವರು ಕ್ಲಾಸಿನಲ್ಲಿ ಮಾಡಿಸಿದರೆ ಇನ್ನೂ ಚೆನ್ನ. ಒಂದೇ ಪಾತ್ರೆಯಿಂದ ಒಂದೊಂದು ಗುಂಪು 50 ಕಾಳು ತೆಗೆದು, ಲೆಕ್ಕ ಹಾಕಿ, ವಾಪಸ್ ಹಾಕಿ ಕಲಸಲಿ. ಒಂದು ಗುಂಪಿಗೆ ಸುಮಾರು 167 ಬರಬಹುದು, ಇನ್ನೊಂದಕ್ಕೆ 250. ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯಿರಿ. ದೇಶದ ಹುಲಿಗಳ ಸಂಖ್ಯೆ ಸರಾಸರಿ 3,682, ಹೆಚ್ಚೆಂದರೆ 3,925 ಅಂತ 2022ರ ವರದಿ ಎರಡು ಅಂಕಿ ಏಕೆ ಕೊಟ್ಟಿತು ಅಂತ ಆಗ ಕೇಳಿ, ಮಕ್ಕಳೇ ಹೇಳುತ್ತಾರೆ. ಗುರುತು ಹಾಕಲು ನೀರಿಗೆ ಅಳಿಸದ ಪೆನ್ ತೆಗೆದುಕೊಳ್ಳಿ, ಮಕ್ಕಳ ಕೈ ಬೆವರಿಗೆ ಸ್ಕೆಚ್ ಪೆನ್ ಬಣ್ಣ ಬೇರೆ ಕಾಳಿಗೂ ಅಂಟಿ ಲೆಕ್ಕ ಕೆಡುತ್ತದೆ. ಪೆನ್ ತಾಕಿದ ಕಾಳನ್ನು ಆಮೇಲೆ ಸಾರಿಗೆ ಹಾಕಬೇಡಿ.